ಅಂಚಿನ ಚುಕ್ಕಿಗೆ ಕಣ್ಣಿ ಕಟ್ಟಿದವರು

ಹುನ್ನೂರಿನ ಜಕ್ಕಪ್ಪ ಹಾಡುವಾಗ ಬಡಿಯುವ ಚರ್ಮದ ದಪ್ಪಿಗೆ ಒಂದು ತುರಾಯಿ ಇತ್ತು. ನವಿಲುಗರಿ, ಸುತ್ತ ಜರಿಯ ದಾರ, ನಡುವೆ ರೂಪಾಯಿಯಗಲದ ಕನ್ನಡಿ. ಅಜ್ಜ ಯಾವುದೋ ಕಾಲದಲ್ಲಿ ಹಾಡಿ ಗೆದ್ದು ತಂದದ್ದು. ಬೆಳಿಗ್ಗೆ ಎದ್ದು ಕೈಮುಗಿಯುವಾಗ ಜಕ್ಕಪ್ಪ ಮೊದಲು ಮುಗಿಯುತ್ತಿದ್ದದ್ದು ಬೀರಪ್ಪನಿಗೋ ತುರಾಯಿಗೋ ಅವನಿಗೇ ಖಚಿತವಿರಲಿಲ್ಲ. ಬೀರಪ್ಪನೂ ಅದನ್ನು ಕೆದಕಿ ಕೇಳಲಿಲ್ಲ. ಕುರಿಗಾರರ ದೇವರು, ಅವನಿಗೂ ಅಭ್ಯಾಸವಾಗಿತ್ತು.

ಹುನ್ನೂರಿನಲ್ಲಿ ಹಾಡಿಕೆ ಎಂದರೆ ಜಗಳವೇ. ತಾಳ ಹಾಕಿಕೊಂಡು ಆಡುವುದು, ಅಷ್ಟೇ ವ್ಯತ್ಯಾಸ. ಅಮಾವಾಸ್ಯೆಯ ದಿನ ಬೀರಪ್ಪನ ಗುಡಿಯ ಮುಂದೆ ಎರಡು ಮೇಳಗಳು ಎದುರುಬದುರು ಕೂರುತ್ತಿದ್ದವು. ಹರದೇಶಿ ಮೇಳದವರು ಶಿವನೇ ದೊಡ್ಡವನು, ಗಂಡೇ ಮೇಲು ಎನ್ನುವರು. ನಾಗೇಶಿಯವರು ಶಕ್ತಿಯೇ ದೊಡ್ಡವಳು, ಹೆಣ್ಣೇ ಮೇಲು ಎನ್ನುವರು. ಕೈಲಾಸದಲ್ಲಿ ಅವರಿಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರೂ ಇರಬಹುದು, ಇಲ್ಲಿ ಮಾತ್ರ ಅವರ ಪರವಾಗಿ ಇವರು ಗಂಟಲು ಹರಿದುಕೊಳ್ಳುತ್ತಿದ್ದರು. ಒಂದು ಮೇಳ ಹಾಡಿನಲ್ಲಿ ಪ್ರಶ್ನೆ ಎಸೆಯಬೇಕು, ಇನ್ನೊಂದು ಹಾಡಿನಲ್ಲೇ ಉತ್ತರ ಕೊಡಬೇಕು. ಪ್ರಶ್ನೆ ಎಸೆದವನ ಕೈಯಲ್ಲಿ ಉತ್ತರ ಇರಲೇಬೇಕು. ಇಲ್ಲದಿದ್ದರೆ ಅದು ಗೊಡ್ಡು ಪ್ರಶ್ನೆ, ಕೇಳಿದವನೇ ಸೋತ ಲೆಕ್ಕ. ಮೂರು ಅಮಾವಾಸ್ಯೆ ಸಾಲಾಗಿ ಸೋತರೆ ತುರಾಯಿ ಬಿಚ್ಚಿ ಕೊಡಬೇಕು.

ಹರದೇಶಿಯ ಜಕ್ಕಪ್ಪ ಎರಡು ಸೋತಿದ್ದ. ಎರಡೂ ಸಲ ಸೋಲಿಸಿದವಳು ಹಿಪ್ಪರಗಿಯ ನಾಗೇಶಿ ಮೇಳದ ತಾರವ್ವ. ಬಾಯಿತುಂಬ ಎಲೆಅಡಿಕೆ, ಕಂಚಿನ ಗಂಟಲು, ಗಂಡಸರನ್ನು ಹೆಸರು ಹಿಡಿದೇ ಕರೆಯುವ ನಾಲಿಗೆ. ಹಿಂದಿನ ಅಮಾವಾಸ್ಯೆಯಲ್ಲಿ ಅವಳು ಕೇಳಿದ್ದು ಇಷ್ಟೇ: ಶಿವ ಮೈಗೆ ಬಳಿದುಕೊಳ್ಳುವ ಬೂದಿ ಯಾರ ಒಲೆಯದು? ಜಕ್ಕಪ್ಪ ಜೋರಾಗಿ ಸುಡುಗಾಡಿನದು ಎಂದು ಹಾಡಿದ. "ಸುಡುಗಾಡ ಮೊದಲೋ ಒಲಿ ಮೊದಲೋ, ಜಕ್ಕಾ? ಉಣ್ಣದ ಸತ್ತಾಂವ ಯಾಂವದಾನೊ?" ಎಂದಳು ತಾರವ್ವ. ಜನ ನಕ್ಕರು. ನಕ್ಕ ಮೇಲೆ ತೀರ್ಪಿನ ಅವಶ್ಯಕತೆಯೇ ಬರಲಿಲ್ಲ.

"ಮೂರನೇದ್ದೂ ಸೋತ್ರ ನಾ ತುಂತುಣಿ ಹೊಳ್ಯಾಗ ಒಗದ ಬಿಡತೇನಿ," ಎಂದ ಹಿಮ್ಮೇಳದಲ್ಲಿ ಒಂಟಿ ತಂತಿಯ ತುಂತುಣಿ ಮೀಟುವ ಅಮಸಿದ್ದಪ್ಪ.

"ನೀ ಬಾರಿಸೂದ ಕೇಳಿದ್ರ ಹೊಳಿ ತಿರುಗಿ ದಂಡಿಗಿ ಒಗೀತೈತಿ ಬಿಡಲೇ," ಎಂದ ಜಕ್ಕಪ್ಪ. ಆದರೆ ಅವನಿಗೆ ನಗು ಬರಲಿಲ್ಲ. ಅಜ್ಜ ತಂದದ್ದನ್ನು ತಾನು ಕಳೆದರೆ, ಮುಂದೆ ಊರಲ್ಲಿ ಅವನು ಬರೀ ಕುರಿ ಜಕ್ಕಪ್ಪ.

ಉಣ್ಣೆ ಮಾರಲು ಜಮಖಂಡಿಗೆ ಹೋದಾಗ ಅವನಿಗೆ ನೇಮಿನಾಥ ಮಾಸ್ತರ ಸಿಕ್ಕ. ತೇರದಾಳದ ಜೈನರ ಹುಡುಗ. ಸಾಂಗಲಿಯಲ್ಲಿ ಓದಿ ಬಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ, ಉಣ್ಣೆ ಸಾವಕಾರರ ಪಕ್ಕದ ಖೋಲಿಯಲ್ಲಿ ಬಾಡಿಗೆಗಿದ್ದ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಆರೇಳು ವರ್ಷವಾಗಿತ್ತು. ರಾಜರ ಬದಲು ಸರಕಾರದ ಬಸ್ಸು, ಎಸ್ಟಿ ಗಾಡಿಯ ಸವಾರಿ ನಡೆದಿತ್ತು, ಮತ್ತು ಇಂಥ ಮಾಸ್ತರರು ಊರೂರಿಗೆ ಹುಟ್ಟಿಕೊಂಡಿದ್ದರು.

"ಮಾಸ್ತರ್ರಿ, ನಿಮ್ಮ ವಿಜ್ಞಾನದಾಗ ಯಾರಿಗೂ ಬಿಡಸಾಕ ಬರಲಾರದ ಪ್ರಶ್ನಿ ಒಂದರ ಐತೇನ್ರಿ?"

ನೇಮಿನಾಥನ ಮುಖ ಹೊಳೆಯಿತು. ಸಾಲೆಯ ಹುಡುಗರು ಅವನನ್ನು ಕೇಳುತ್ತಿದ್ದ ಒಂದೇ ಪ್ರಶ್ನೆ ಗಂಟೆ ಯಾವಾಗ ಬಾರಿಸುತ್ತದೆ ಎಂಬುದು. "ಐತಿ ಜಕ್ಕಪ್ಪಣ್ಣಾ! ಈಗಿನ್ನ ವಿಲಾಯತಿ ಮಾಸಪತ್ರಿಕಿಯೊಳಗ ಓದಿ ತಲಿ ಕೆಡಿಸಿಕೊಂಡೇನಿ. ಆದ್ರ ಇಲ್ಲಿ ಹೇಳಿದ್ರ ತಿಳಿಯೂದಿಲ್ಲ. ನಿಮ್ಮ ಊರಾಗ ಹಂತಿ ಹೂಡ್ಯಾರೇನು?"

ಹಂತಿ ಹೂಡಿದ್ದರು. ಜೋಳದ ಸುಗ್ಗಿಯ ದಿನಗಳು. ಆದಿತ್ಯವಾರ ಮಾಸ್ತರ ಇಸ್ತ್ರಿ ಅಂಗಿ ಹಾಕಿಕೊಂಡು ಜಕ್ಕಪ್ಪನ ಕಣದಲ್ಲಿ ಬಂದು ನಿಂತ. ನಡುವೆ ಮೇಟಿ ಕಂಬ. ಅದಕ್ಕೆ ಮುದಿ ಎತ್ತು, ಅದರ ಪಕ್ಕಕ್ಕೆ ಇನ್ನೊಂದು, ಹೀಗೆ ಸಾಲಾಗಿ ಕೊರಳಿಗೆ ಕೊರಳು ಹಗ್ಗದ ಕಣ್ಣಿ ಕಟ್ಟಿದ ಎತ್ತುಗಳು ತೆನೆ ತುಳಿಯುತ್ತ ಸುತ್ತುತ್ತಿದ್ದವು. ಒಳಗಿನ ಮುದಿ ಎತ್ತು ನಿಂತಲ್ಲೇ ತಿರುಗುತ್ತಿತ್ತು, ಅಂಚಿನ ಹೋರಿ ಓಡುತ್ತಿತ್ತು.

"ಆಕಾಶದಾಗ ಚುಕ್ಕಿಗಳೂ ಹಿಂಗ ಒಂದ ಕಣದಾಗ ತಿರಗತಾವು," ಎಂದ ನೇಮಿನಾಥ. "ನಾವು ನೋಡೂ ಚುಕ್ಕಿ ಎಲ್ಲಾ ಒಂದ ಕಣದವು. ಇಂಥಾ ಕಣ ದೂರ ದೂರ ಭಾಳ ಅದಾವು. ಅಂಥಾದ್ದೊಂದರ ಅಂಚಿನ ಚುಕ್ಕಿ ಎಷ್ಟ ಜೋರ ಓಡತಾವು ಅಂತ ಒಬ್ಬಾಂವ ಅಳದ."

"ಅಷ್ಟ ದೂರಂದು ಹೆಂಗ ಅಳದ್ರಿ? ಬೆನ್ನ ಹತ್ತಿ ಓಡಿದ್ನೇನ?"

"ಎಸ್ಟಿ ಗಾಡಿ ಬರುವಾಗ ಹಾರ್ನಿನ ದನಿ ಒಂಥರಾ, ದಾಟಿ ಹೋದ ಮ್ಯಾಲೆ ಒಂಥರಾ ಕೇಳಸತೈತಿಲ್ಲ? ಹಂಗ ಬರೂ ಚುಕ್ಕಿ ಬೆಳಕು ಒಂಥರಾ, ಹೋಗೂ ಚುಕ್ಕಿ ಬೆಳಕು ಒಂಥರಾ. ಅದರ ಮ್ಯಾಲೆ ತಿಳೀತೈತಿ."

ಜಕ್ಕಪ್ಪ ಶ್ರುತಿ ಬಲ್ಲವನು, ಒಪ್ಪಿದ. "ಆತು. ಅಂಚಿನದು ಜೋರ ಓಡತೈತಿ. ನನ್ನ ಹೋರೀನೂ ಓಡಾಕತ್ತೇತಿ. ಅದರಾಗೇನ ಸೋಜಿಗ?"

"ನಿನ್ನ ಹೋರಿಗಿ ಕಣ್ಣಿ ಐತಿ. ಚುಕ್ಕಿಗಿ ಎಲ್ಲೈತಿ ಕಣ್ಣಿ?"

ಜಕ್ಕಪ್ಪ ಕಣ್ಣಿಂದ ಕಂಡ ಮೇಲೆ ನಂಬುವ ಪೈಕಿ. ಮಾಸ್ತರ ಬೇಡ ಬೇಡ ಎನ್ನುವಷ್ಟರಲ್ಲಿ ಓಡುತ್ತಿದ್ದ ಹೋರಿಯ ಕಣ್ಣಿ ಬಿಚ್ಚಿಯೇಬಿಟ್ಟ. ಹೋರಿ ಒಂದು ಕ್ಷಣವೂ ವಿಜ್ಞಾನಕ್ಕೆ ಅನುಮಾನ ಬರುವಂತೆ ನಡೆದುಕೊಳ್ಳಲಿಲ್ಲ. ನೆಟ್ಟಗೆ ಕಣ ದಾಟಿ, ಬದು ಹಾರಿ, ನೆರೆಯವರ ಕುಸುಬಿಯೊಳಗೆ ನುಗ್ಗಿತು. ಅದನ್ನು ಹಿಡಿದು ತರುವಷ್ಟರಲ್ಲಿ ಜಕ್ಕಪ್ಪನ ಧೋತರ ಮುಳ್ಳಿನಲ್ಲಿ ಹರಿದು, ನೆರೆಯವರ ಮೂರು ತಲೆಮಾರಿನ ಬೈಗುಳವೂ ಸಿಕ್ಕಿತ್ತು.

"ತಿಳೀತ್ರಿ," ಎಂದ ಏದುಸಿರು ಬಿಡುತ್ತ. "ಕಣ್ಣಿ ಇಲ್ಲಂದ್ರ ಅಂಚಿಂದು ಓಡಿ ಹೋಗಬೇಕು."

"ಹೋಗವಲ್ಲದು! ಚುಕ್ಕಿಗಿ ಚುಕ್ಕಿ ಜಗ್ಗತಾವು, ಅದ ಅವುಗಳ ಕಣ್ಣಿ. ಆದ್ರ ಕಾಣೂ ಚುಕ್ಕಿ ಎಲ್ಲಾ ಕೂಡಿಸಿ ತೂಗಿದ್ರೂ ಇಷ್ಟ ಜೋರ ಓಡೂದನ್ನ ಹಿಡಿಯೂವಷ್ಟ ಭಾರ ಸಾಲೂದಿಲ್ಲ. ಅಂದ್ರ ಅಲ್ಲಿ ಕಾಣಲಾರದ್ದ ಏನೋ ಐತಿ. ಬೆಳಕಿಲ್ಲ, ಬಣ್ಣ ಇಲ್ಲ, ಭಾರ ಮಾತ್ರ ಐತಿ. ಒಬ್ಬ ಪಂಡಿತ ಅದಕ್ಕ ಕತ್ತಲ ದ್ರವ್ಯ ಅಂತ ಹೆಸರಿಟ್ಟ, ಉಳದಾವ್ರು ನಕ್ರು. ಇನ್ನೊಂದ ಸೋಜಿಗ ಅಂದ್ರ, ಕಾಣೂದು ಎಲ್ಲೈತಿ, ಕಾಣಲಾರದ್ದೂ ಅಲ್ಲೇ ಬಂದ ಗುಂಪುಗೂಡಿದಂಗೈತಿ. ಒಂದನ್ನ ಬಿಟ್ಟ ಒಂದ ಇರೂದಿಲ್ಲ."

"ಅದೇನ್ರಿ ಅದು, ಆ ಕಾಣಲಾರದ್ದು?"

"ಯಾರಿಗೂ ಗೊತ್ತಿಲ್ಲ."

ಜಕ್ಕಪ್ಪ ನಕ್ಕ. ಮೊಲೆಹಾಲಿನ ಜೊತೆ ಹಾಡು ಕುಡಿದು ಬೆಳೆದವನು ಅವನು. ಅವನ ಲೋಕದಲ್ಲಿ ಉತ್ತರವಿಲ್ಲದ ಪ್ರಶ್ನೆ ಹುಟ್ಟುವುದೇ ಇಲ್ಲ. ಗುರು ಉತ್ತರವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಶಿಷ್ಯನಿಂದ ಸಾಕಷ್ಟು ಸೇವೆ ಮಾಡಿಸಿಕೊಂಡು, ಸಾಯುವ ಮುಂಚೆ ಕಿವಿಯಲ್ಲಿ ಹೇಳುತ್ತಾನೆ. ಮಾಸ್ತರ ಚಿಕ್ಕವನು, ಸಾಯಲು ತಡವಿದೆ. ಹಾಗಾದರೆ ಸೇವೆ ಜೋರಾಗಬೇಕು.

ಮರುದಿನವೇ ಅವನು ಮಾಸ್ತರನ ಖೋಲಿಯ ಬಾಗಿಲಿಗೆ ಒಂದು ಕುರಿಮರಿ ಕಟ್ಟಿದ.

"ಇದೇನು?" ಎಂದ ನೇಮಿನಾಥ.

"ಗುರುಕಾಣಿಕಿರಿ. ಛಲೋ ಎಳೇದೈತಿ."

ಹೇಳಿದ ಮೇಲೆ ಅವನಿಗೆ ಹೊಳೆಯಿತು, ಗುರು ಜೈನ. ನೇಮಿನಾಥನ ಮುಖ ಬಿಳಿಚಿತ್ತು. ಮರಿಯನ್ನು ಇಟ್ಟುಕೊಳ್ಳುವಂತಿಲ್ಲ, ತಿರುಗಿ ಕೊಟ್ಟರೆ ಅದರ ಮುಂದಿನ ಗತಿ ಗೊತ್ತು, ಆ ಪಾಪ ತಿರುಗಿ ಕೊಟ್ಟವನಿಗೆ. ಹಾಗಾಗಿ ಮರಿ ಖೋಲಿಯಲ್ಲೇ ಉಳಿಯಿತು, ಒಂದು ವಾರದಲ್ಲಿ ಇಡೀ ತರಗತಿಯ ಪರೀಕ್ಷೆ ಕಾಗದಗಳನ್ನು ತಿಂದಿತು. ಸಾಲೆಯ ಹುಡುಗರು ಅದಕ್ಕೆ ದಿನಾ ಹುಲ್ಲು ತಂದು ಹಾಕತೊಡಗಿದರು, ಭಕ್ತಿಯಿಂದ.

ಜಕ್ಕಪ್ಪ ನೀರು ಸೇದಿ ಕೊಟ್ಟ. ಮಾಸ್ತರ ಅದನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಮತ್ತೆ ಬಾವಿಗೇ ಮೆಲ್ಲಗೆ ಇಳಿಸಿದ. ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿವೆಯಂತೆ. ಕಾಣದ ಜೀವಗಳ ಮೇಲೆ ಇಷ್ಟು ಕನಿಕರ ಇರುವವನು ಕಣ್ಣೆದುರು ಕಾಣುವ ಜಕ್ಕಪ್ಪನ ಮೇಲೆ ಯಾಕೆ ಇಷ್ಟು ಬಿಗಿ? ಕೊನೆಗೆ ಅವನು ಹೊಸ ಕಂಬಳಿಯನ್ನೇ ತಂದಿಟ್ಟ.

"ಜಕ್ಕಪ್ಪಣ್ಣಾ, ನಿಮ್ಮ ಬೀರಪ್ಪನಾಣಿ, ನನ್ನ ಮಹಾವೀರನಾಣಿ, ನನಗ ಗೊತ್ತಿಲ್ಲ!"

"ಇರ್ಲಿ ಬಿಡ್ರಿ," ಎಂದ ಜಕ್ಕಪ್ಪ ಕಣ್ಣು ಮಿಟುಕಿಸಿ. "ಟೈಮ್ ಬಂದಾಗ ಹೇಳ್ರಿ. ಅಮಾಸಿಗಿ ಬರ್ರಿ, ಮುಂದ ಕುಂಡ್ರಸತೇನಿ."

ಮನೆಯಲ್ಲಿ ಅವನ ಹೆಂಡತಿ ಸಿದ್ದಕ್ಕ ಇದನ್ನೆಲ್ಲ ನೋಡುತ್ತಲೇ ಇದ್ದಳು. ಹಾಡು ಕಟ್ಟಲು ಕೂತ ದಿನದಿಂದ ಜಕ್ಕಪ್ಪ ಕುರಿಯ ಕಡೆ ತಲೆ ಹಾಕಿರಲಿಲ್ಲ. ಅವಳೇ ಬುತ್ತಿ ಕಟ್ಟಿಕೊಂಡು ದಿನ್ನೆಯಾಚೆಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದಳು. "ಮರಿ ಹೋತು, ಕಂಬಳಿ ಹೋತು," ಎಂದಳು. "ಇನ್ನ ನನ್ನನ್ನೂ ಒಯ್ದ ಮಾಸ್ತರನ ಬಾಗಲಿಗಿ ಕಟ್ಟಿ ಬಾ."

"ನಿನಗ ತಿಳಿಯೂದಿಲ್ಲ ಬಿಡ. ಆಕಾಶದ ಮಾತು."

"ತಿಳೀಲಿ ಬಿಡಲಿ, ಕುರಿ ಕಾಯೂದಂತೂ ನೆಲದ ಮ್ಯಾಲಿನ ಮಾತು," ಎಂದು ಅವಳು ಬಡಿಗೆ ಎತ್ತಿಕೊಂಡು ಹೋದಳು.

ಅಮಾವಾಸ್ಯೆ ಬಂತು. ಗುಡಿಯ ಮುಂದೆ ಜನ ಕೂಡಿತು. ತೀರ್ಪು ಹೇಳುವವನು ಹೊಳೆಪ್ಪಜ್ಜ, ಕಣ್ಣು ಮಂಜಾದ ಹಳೆಯ ಹಾಡುಗಾರ. ಕಣ್ಣು ಕಾಣದ್ದರಿಂದ ಅವನಿಗೆ ಪಕ್ಷಪಾತವಿಲ್ಲ ಎಂದು ಊರು ನಂಬಿತ್ತು. ನೇಮಿನಾಥ ಮಾಸ್ತರ ಮುಂದಿನ ಸಾಲಿನಲ್ಲಿ ಕೂತು ಸೂರ್ಯನನ್ನೇ ನೋಡುತ್ತಿದ್ದ; ಜೈನನಾದ್ದರಿಂದ ಹೊತ್ತು ಮುಳುಗಿದರೆ ಅವನಿಗೆ ಊಟವಿಲ್ಲ.

ಜಕ್ಕಪ್ಪ ತುರಾಯಿ ಮುಟ್ಟಿ ಕಣ್ಣಿಗೊತ್ತಿಕೊಂಡು ದಪ್ಪು ಎತ್ತಿದ.

"ಕಾಣುವ ಚುಕ್ಕಿಯ ತೂಗಿ ನೋಡಿದರ ಭಾರ ಸಾಲೂದಿಲ್ಲ
ಕಾಣದ ಕೈಯೊಂದು ಹಿಡಿಯದೆ ಹೋದರ ಕಣದಾಗ ನಿಲ್ಲೂದಿಲ್ಲ
ಅಂಚಿಗಿ ಓಡುವ ಚುಕ್ಕಿಯ ಕೊರಳಿಗಿ ಕಣ್ಣಿ ಕಟ್ಟಿದವರ್ಯಾರ?
ಹೇಳದೆ ಹಿಪ್ಪರಗಿ ಬಂಡಿಯ ಹತ್ತಿದರ ನಿನ್ನನ್ನ ಕೇಳವರ್ಯಾರ?"

ಅಮಸಿದ್ದಪ್ಪ ಗೀಗೀ ಎಂದು ಎಳೆದ. ಜಕ್ಕಪ್ಪ ಚುಕ್ಕಿಯ ಕಣ, ಹೋರಿ, ಹಾರ್ನಿನ ದನಿ ಎಲ್ಲವನ್ನೂ ಹಾಡಿನಲ್ಲೇ ಬಿಡಿಸಿ ಹೇಳಿದ. ಕುಸುಬಿ ಹೊಲದ ವಿಷಯ ಮಾತ್ರ ಬಿಟ್ಟ. ತಾರವ್ವನ ಎಲೆಅಡಿಕೆ ಅಗಿಯುವುದು ನಿಂತಿತು. ಗೆದ್ದೇಬಿಟ್ಟೆ ಎನಿಸಿತು ಜಕ್ಕಪ್ಪನಿಗೆ.

ಆದರೆ ಅವಳು ನಿಲ್ಲಿಸಿದ್ದು ಉಗುಳಲಿಕ್ಕೆ. ಉಗುಳಿ ಬಂದು, ಸೆರಗು ಸಿಕ್ಕಿಸಿ ನಿಂತಳು.

"ಕಟ್ಟಿಯ ಮ್ಯಾಲೆ ಮೀಸಿಯ ತಿರುವಾಂವ ಲೋಕಕ್ಕ ಕಾಣತಾನ
ಒಲಿಮುಂದ ಕುಂತು ರೊಟ್ಟಿಯ ಬಡಿಯಾಕಿ ಯಾವನು ನೋಡತಾನ?
ಕಾಣುವ ಗಂಡನ ಉರುಳದಂಗ ಹಿಡಿದಾಕಿ ಕಾಣದ ಹೆಣ್ಣ ನೋಡ
ದುರ್ಬೀನು ಯಾಕೊ ಹುಚ್ಚ ಜಕ್ಕಪ್ಪ, ಹಿಂದಕ ತಿರುಗಿ ನೋಡ!"

ಹೆಂಗಸರ ಕಡೆಯಿಂದ ಕೇಕೆ ಎದ್ದಿತು. ಹೊಳೆಪ್ಪಜ್ಜ ಕೈ ಎತ್ತಿದ. "ಜಕ್ಕಪ್ಪಾ, ಉತ್ತರ ಬಂತು. ಹೊಂದತೈತೋ ಇಲ್ಲೋ ಹೇಳು. ಹೊಂದೂದಿಲ್ಲಂದ್ರ ನಿನ್ನ ಉತ್ತರ ತೆಗಿ."

ಜಕ್ಕಪ್ಪ ಮಾಸ್ತರನ ಕಡೆ ನೋಡಿದ. ಟೈಮ್ ಬಂದಿತ್ತು. ಮಾಸ್ತರ ಎದ್ದು ನಿಂತ. ಜಕ್ಕಪ್ಪ ಕಿವಿ ಮುಂದೆ ಚಾಚಿದ.

"ಅಜ್ಜಾರ," ಎಂದ ನೇಮಿನಾಥ ಎಲ್ಲರಿಗೂ ಕೇಳುವಂತೆ, "ಇದರ ಉತ್ತರ ಜಗತ್ತಿನ್ಯಾಗ ಯಾರಿಗೂ ಗೊತ್ತಿಲ್ಲರಿ. ನಾ ಮೊದಲಿಂದ ಹೇಳಾಕತ್ತೇನಿ."

ಒಂದು ಕುರಿಮರಿ, ಒಂದು ಕಂಬಳಿ, ಎಷ್ಟೋ ಕೊಡ ನೀರು. ಪುಣ್ಯಾತ್ಮ ಖರೆ ಹೇಳಿದ್ದ! ಮೊದಲ ದಿನದಿಂದ ಖರೆ ಹೇಳಿದ್ದ!

"ಗೊಡ್ಡ ಪ್ರಶ್ನಿ! ಗೊಡ್ಡ ಪ್ರಶ್ನಿ!" ಎಂದು ಹಿಪ್ಪರಗಿ ಮೇಳದವರು ಕುಣಿದರು. "ಬಿಚ್ಚು ತುರಾಯಿ!"

"ಏ, ಸುಮ್ಮಕಿರ್ರಿ!" ಎಂದು ಗದರಿದವಳು ತಾರವ್ವನೇ. "ಕಾಯ್ದೆ ಹಿಡದ ಗೆಲ್ಲಾಕ ನಾ ಏನ ವಕೀಲೇನ? ನಾ ಉತ್ತರ ಕೊಟ್ಟೇನಿ. ಗಂಡಸಿದ್ರ ಅದು ತಪ್ಪ ಅಂತ ತೋರಸಲಿ. ತೋರಸಿದ್ರ ತುರಾಯಿ ಅವನ ಹತ್ರನ ಇರ್ಲಿ."

ಹೊಳೆಪ್ಪಜ್ಜ ತಲೆದೂಗಿದ. "ಆಕಿ ಮಾತು ದೊಡ್ಡದಾತು. ಹೇಳಪಾ."

ಜಕ್ಕಪ್ಪ ಕಣ್ಣು ಮುಚ್ಚಿ ಬೀರಪ್ಪನನ್ನು ನೆನೆದ. ಬೀರಪ್ಪ ಬರಲಿಲ್ಲ, ಬಂದದ್ದು ಹೋರಿ. ಕಣ, ಮೇಟಿ, ನಿಂತಲ್ಲೇ ತಿರುಗುವ ಮುದಿ ಎತ್ತು, ಅಂಚಿನ ಓಟ. ಆ ಕ್ಷಣ ಮಾಸ್ತರ ಹೇಳಿದ್ದೆಲ್ಲ ಮೊದಲ ಸಲ ಅವನಿಗೆ ಒಳಗಿನಿಂದ ತಿಳಿಯಿತು.

"ತಪ್ಪು!" ಎಂದ. "ತಾರವ್ವಾ, ನಿನ್ನ ಹೆಣ್ಣು ಎಲ್ಲಿ ಕುಂತಾಳ? ಒಲಿ ಮುಂದ. ಒಲಿ ಎಲ್ಲೈತಿ? ಮನಿ ನಡುವ, ಮೇಟಿ ಇದ್ದಂಗ. ಭಾರ ಎಲ್ಲಾ ಮೇಟಿ ಹತ್ರನ ಇದ್ರ, ದೂರದ ಚುಕ್ಕಿಗಿ ಜಗ್ಗು ಹತ್ತೂದ ಕಡಿಮಿ, ಅದು ಮೆಲ್ಲಕ ತಿರಗಬೇಕಾಗಿತ್ತು. ಅದು ಜೋರ ಓಡತೈತಿ, ಆದ್ರೂ ತಪ್ಪಿಸಿಕೊಂಡ ಹೋಗವಲ್ಲದು. ಅಂದ್ರ ಕಾಣದ ಭಾರ ಬರೇ ನಡುವ ಇಲ್ಲ. ಅಂಚಿಗೈತಿ, ಅಂಚಿನಾಚೀಕೂ ಐತಿ, ಬೆಳಕ ಮುಗದ ಮ್ಯಾಲೂ ಸುತ್ತ ಹಬ್ಬೇತಿ! ಒಲಿ ಮುಂದ ಕುಂತಾಕಿ ಅಲ್ಲಿಗೆ ಹೆಂಗ ಮುಟ್ಟತಾಳ?"

"ಬರೋಬ್ಬರಿ!" ಎಂದು ನೇಮಿನಾಥ ಸೂರ್ಯನನ್ನು ಮರೆತು ಕುಣಿದೇಬಿಟ್ಟ. "ಅಜ್ಜಾರ, ಇಂವ ಹೇಳಿದ್ದ ಬರೋಬ್ಬರಿ ಐತಿ!"

ಗಂಡಸರು ರುಮಾಲು ತೂರಿದರು. ಅಮಸಿದ್ದಪ್ಪ ಅಪ್ಪಣೆಯಿಲ್ಲದೆ ತುಂತುಣಿ ಬಾರಿಸಿದ. ಜಕ್ಕಪ್ಪನ ಕೈ ತುರಾಯಿಯ ಮೇಲೆ ಹೋಯಿತು, ಅದು ಅಲ್ಲೇ ಇತ್ತು.

ತಾರವ್ವ ಏನೂ ಹಾಡಲಿಲ್ಲ. ಹೊಸ ಎಲೆಗೆ ಸುಣ್ಣ ಸವರುತ್ತ ಸಾದಾ ಮಾತಿನಲ್ಲಿ ಕೇಳಿದಳು:

"ಖರೆ ಐತಪಾ ನಿನ್ನ ಮಾತು. ಒಲಿ ಮುಂದ ಕುಂಡ್ರಿಸಿದ್ದ ನನ್ನ ತಪ್ಪು. ಅದಿರ್ಲಿ ಜಕ್ಕಾ, ನಿನ್ನ ಕುರಿ ಈಗ ಯಾರ ಕಾಯಾಕತ್ತಾರ?"

ಜಕ್ಕಪ್ಪ ದಿನ್ನೆಯ ಕಡೆ ತಿರುಗಿದ.

ಜನ ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಊರು ಮುಗಿದು, ಹೊಲ ಮುಗಿದು, ದಿನ್ನೆಯ ಆಚೆ, ಅಷ್ಟು ದೂರದಲ್ಲಿ ಕೆಂಪಗೆ ಧೂಳು ಎದ್ದಿತ್ತು. ಕುರಿ ಕಾಣುತ್ತಿರಲಿಲ್ಲ. ಸಿದ್ದಕ್ಕನಂತೂ ಕಾಣುತ್ತಲೇ ಇರಲಿಲ್ಲ. ಧೂಳು ಮಾತ್ರ ಚದುರದೆ, ಒಂದೇ ಗುಂಪಾಗಿ, ಯಾರೋ ಹಿಡಿದುಕೊಂಡ ಹಾಗೆ ಸರಿಯುತ್ತಿತ್ತು.

"ಏನಾತು? ಯಾಕ ಎಲ್ಲಾರೂ ಸುಮ್ಮನಾದ್ರಿ?" ಎಂದ ಹೊಳೆಪ್ಪಜ್ಜ.

ಯಾರೂ ಹೇಳುವ ಮುಂಚೆ ಹೆಂಗಸರ ಕಡೆ ನಗು ಶುರುವಾಯಿತು, ಆಮೇಲೆ ಗಂಡಸರ ಕಡೆ. ಕೊನೆಗೆ ಅಮಸಿದ್ದಪ್ಪನೂ ನಕ್ಕ, ಹಿಮ್ಮೇಳದ ಅಭ್ಯಾಸಬಲದಿಂದ ಶ್ರುತಿ ಹಿಡಿದು. ಜಕ್ಕಪ್ಪ ತಾನೇ ತುರಾಯಿ ಬಿಚ್ಚಿದ. ಗಂಟು ಅಜ್ಜನ ಕಾಲದ್ದು, ಸುಲಭಕ್ಕೆ ಬಿಡಲಿಲ್ಲ. ತಾರವ್ವ ಉಗುರು ಹಾಕಿ ನೆರವಾದಳು.

"ಛಲೋ ಪ್ರಶ್ನಿ ಕೇಳಿದಿ ಜಕ್ಕಾ," ಎಂದಳು ಗರಿ ಕೊಡವುತ್ತ. "ಇನ್ನ ಮುಂದ ಗೊತ್ತಿದ್ದದ್ದ ಕೇಳು."

ನೇಮಿನಾಥ ಎಸ್ಟಿ ಗಾಡಿಗೆ ಓಡುವ ಗಡಿಬಿಡಿಯಲ್ಲೂ ಬಂದು ಜಕ್ಕಪ್ಪನ ಕೈ ಹಿಡಿದ. "ಬ್ಯಾಸರ ಮಾಡಕೋಬ್ಯಾಡ. ನಮ್ಮ ಸಾಂಗಲಿ ಪ್ರೊಫೆಸರರಿಗೆ ನಿಂದೂ ಆಕೀದೂ ಮಾತು ಹೇಳತೇನಿ. ಆದ್ರ ಅವ್ರು ಪುರಾವೆ ಕೇಳತಾರ."

"ಪುರಾವೆ?" ಎಂದ ಜಕ್ಕಪ್ಪ ಬೋಳು ದಪ್ಪು ತೋರಿಸಿ. "ತುರಾಯಿ ಹೋತಲ್ರೀ ಮಾಸ್ತರ್ರ. ಇದಕ್ಕಿಂತ ಇನ್ನೇನ ಪುರಾವೆ ಬೇಕು?"

ಸಂಜೆ ಸಿದ್ದಕ್ಕ ಕುರಿ ಹೊಡೆದುಕೊಂಡು ಬಂದಳು. ಸುದ್ದಿ ಅವಳಿಗಿಂತ ಮೊದಲು ಹಟ್ಟಿಗೆ ಬಂದಿತ್ತು, ಹಟ್ಟಿಗಿಂತ ಮೊದಲು ದಿನ್ನೆಗೇ ಹೋಗಿತ್ತು. ಜಕ್ಕಪ್ಪ ದಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ, ಎಲ್ಲರಿಗೂ ಕಾಣುವಂತೆ.

"ನೀನ ಕಸಗೊಂಡಿ ನೋಡ ತುರಾಯೀನ," ಎಂದ.

"ನಾ ಎಲ್ಲಿದ್ನಿ? ಗುಡಿಗಿ ಬಂದಿದ್ನೇನ?"

"ಬರಲಾರದನ ಕಸಗೊಂಡಿ."

ಸಿದ್ದಕ್ಕ ಬಡಿಗೆ ಮೂಲೆಗಿಟ್ಟಳು. ಕಾಲಿನ ಮುಳ್ಳು ತೆಗೆಯುತ್ತ ಹೊಸ್ತಿಲ ಮೇಲೆ ಕೂತಳು. ಎದ್ದು ಒಳಗೆ ಹೋಗುವ ಲಕ್ಷಣವೇನೂ ಕಾಣಲಿಲ್ಲ. ಜಕ್ಕಪ್ಪ ಬಹಳ ಹೊತ್ತು ತಡೆದ. ಆಮೇಲೆ ಹೊಟ್ಟೆ ತಡೆಯಲಿಲ್ಲ.

"ರೊಟ್ಟಿ?" ಎಂದ ಮೆಲ್ಲಗೆ.

"ಒಳಗ ಹೋಗಿ ಕೇಳು," ಎಂದಳು ಸಿದ್ದಕ್ಕ. "ನಿಮ್ಮ ಹಾಡಿನ್ಯಾಗ ಒಲಿ ಮುಂದ ಯಾರೋ ಕುಂತಿದ್ಲಂತಲ್ಲ. ಬಡದಿಟ್ಟಿರಬೇಕು ಆಕಿ."